ಸೇನೆಯಲ್ಲಿ ಧರ್ಮ ಸ್ವಾತಂತ್ರ್ಯ: ಕಾರಣ ಕೊಡಬೇಕಾದವರು ಯಾರು?

ಸೈನಿಕನ ಧಾರ್ಮಿಕ ಆಚರಣೆಗೆ ತಡೆ ಹಾಕಿದರೆ ಕಾರಣ ಕೊಡಬೇಕಾದವರು ಯಾರು ಅನ್ನುವ, ಅಮೆರಿಕದ ಸೇನೆಯ ಈ ಪಾಠ ಓದುವಾಗ ಜಾಸ್ತಿ ಜನ ಗೋಲ್ಡ್‌ಮನ್ ಕೇಸಿಗೇ ನಿಲ್ಲಿಸಿಬಿಡುತ್ತಾರೆ. ನಾನೂ ಮೊದಲು ಅಲ್ಲೇ ನಿಲ್ಲಿಸಿದ್ದೆ. ಅಲ್ಲಿಗೆ ನಿಂತರೆ ಅರ್ಧ ಉತ್ತರ ತಪ್ಪು.

ಸಿಮ್ಖಾ ಗೋಲ್ಡ್‌ಮನ್ ವಾಯುಪಡೆಯ ಕ್ಯಾಪ್ಟನ್, ಮನಶ್ಶಾಸ್ತ್ರಜ್ಞ, ಯಹೂದಿ ರಬ್ಬಿ, ಅಂದರೆ ಧರ್ಮಗುರು ಕೂಡ. ಡ್ಯೂಟಿಯಲ್ಲೂ ಕಿಪ್ಪಾ, ಅಂದರೆ ಯಹೂದಿಗಳ ಪುಟ್ಟ ಟೋಪಿ, ಹಾಕಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಯಾರೂ ತಕರಾರು ಮಾಡಲಿಲ್ಲ. 1981ರಲ್ಲಿ ಒಂದು ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನಾ ನ್ಯಾಯಾಲಯದಲ್ಲಿ, ಆರೋಪಿಯ ಪರ ಸಾಕ್ಷಿ ಹೇಳಿದರು ನೋಡಿ, ಎದುರು ವಕೀಲರು ದೂರು ಕೊಟ್ಟರು, ಆಗ ಎಲ್ಲರಿಗೂ ನಿಯಮ ನೆನಪಾಯಿತು: ಆಯುಧ ಹಿಡಿದ ಕಾವಲು ಪೊಲೀಸರನ್ನು ಬಿಟ್ಟು ಬೇರೆ ಯಾರೂ ಕಟ್ಟಡದ ಒಳಗೆ ಟೋಪಿ ಹಾಕುವಂತಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ವಾಯುಪಡೆಯ ಪರ ನಿಂತಿತು. ಶಿಸ್ತಿಗೆ ಏನು ಬೇಕು ಅನ್ನೋದು ಸೇನೆಗೇ ಗೊತ್ತು, ನಾವು ಜಾಸ್ತಿ ಕೆದಕುವುದಿಲ್ಲ ಅನ್ನುವುದು ತೀರ್ಪಿನ ತಿರುಳು. ನನಗಂತೂ ಇದು ಕೋರ್ಟು ಕೈ ತೊಳೆದುಕೊಂಡ ಹಾಗೆ ಕಾಣುತ್ತದೆ.

ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನು ತಂದಿತು. ಚೊಕ್ಕಟವಾಗಿದ್ದು, ಕಣ್ಣಿಗೆ ಹೊಡೆಯದೆ, ಕೆಲಸಕ್ಕೂ ಅಡ್ಡಿ ಮಾಡದಿದ್ದರೆ ಧಾರ್ಮಿಕ ಉಡುಪು ಧರಿಸಬಹುದು. ಅಷ್ಟೇ.

ನಿಜವಾದ ತಿರುವು 1993ರ ಧರ್ಮ ಸ್ವಾತಂತ್ರ್ಯ ಪುನಃಸ್ಥಾಪನೆ ಕಾಯ್ದೆ. ಇದನ್ನು ಚೆನ್ನಾಗಿ ನೆನಪಿಡಿ. ಒಬ್ಬರ ಆಚರಣೆಗೆ ದೊಡ್ಡ ಅಡ್ಡಿ ಮಾಡುವುದಾದರೆ ಬಲವಾದ ಕಾರಣ ಸರ್ಕಾರವೇ ತೋರಿಸಬೇಕು, ಅದಕ್ಕಿಂತ ಕಡಿಮೆ ಅಡ್ಡಿಯ ದಾರಿ ಇಲ್ಲ ಅಂತಲೂ ಸಾಬೀತು ಮಾಡಬೇಕು. ಹೊರೆ ಸೈನಿಕನ ತಲೆಯಿಂದ ಸೇನೆಯ ತಲೆಗೆ ಹೋಯಿತು, ಅಲ್ವಾ? 2017ರಲ್ಲಿ ಭೂಸೇನೆ ಸಿಖ್ಖರ ಪೇಟ, ಗಡ್ಡ ಮತ್ತು ಹಿಜಾಬ್‌ಗೆ ಅನುಮತಿ ಸಿಗುವುದನ್ನು ಸುಲಭ ಮಾಡಿತು. ಮೆರೀನ್ ಪಡೆ ಮಾತ್ರ, ಆರಂಭದ ತರಬೇತಿಯಲ್ಲಿ ಎಲ್ಲರೂ ಒಂದೇ ಥರ ಕಾಣಬೇಕು ಅಂತ ಹಟ ಹಿಡಿಯಿತು. 2022ರಲ್ಲಿ ಮೇಲ್ಮನವಿ ಕೋರ್ಟು ಆ ವಾದ ಒಪ್ಪಲಿಲ್ಲ: ಕ್ಷೌರದಿಂದ ಚರ್ಮದ ತೊಂದರೆ ಆಗುವವರಿಗೆ ವಿನಾಯಿತಿ ಕೊಡುತ್ತೀರಿ, ಹಚ್ಚೆಗೂ ಅವಕಾಶ ಇದೆ, ಹಾಗಿರುವಾಗ ಸಿಖ್ಖರ ಗಡ್ಡಕ್ಕೆ ಮಾತ್ರ ಯಾಕೆ ಇಲ್ಲ?

ಇನ್ನೂ ಚಿಕ್ಕ ಪಂಥ ವಿಕ್ಕಾ, ಪ್ರಕೃತಿ ಆರಾಧಿಸುವ ಒಂದು ಹೊಸ ಪಂಥ. ಇಲ್ಲಿ ಜಗಳ ಸಮಾಧಿ ಕಲ್ಲಿನದು. 2005ರಲ್ಲಿ ಆಫ್ಘಾನಿಸ್ತಾನದಲ್ಲಿ ಸತ್ತ ಸೈನಿಕರೊಬ್ಬರ ಪತ್ನಿ ಅವರ ಪಂಥದ ಐದು ಮೂಲೆ ನಕ್ಷತ್ರ ಕೆತ್ತಿಸಬೇಕೆಂದರು. ಸಮಾಧಿ ಕಲ್ಲಿನ ಮೇಲೆ ಕೆತ್ತಬಹುದಾದ ಚಿಹ್ನೆಗಳ, ಮಾಜಿ ಸೈನಿಕರ ಇಲಾಖೆಯ ಪಟ್ಟಿಯಲ್ಲಿ ನಾಸ್ತಿಕರ ಚಿಹ್ನೆಯೂ ಇತ್ತು, ಇದೊಂದು ಇರಲಿಲ್ಲ. ವಿಕ್ಕಾದವರ ಅರ್ಜಿಗಳು ಸುಮ್ನೆ ವರ್ಷಗಟ್ಟಲೆ ಕೊಳೆಯುತ್ತಿದ್ದವು. ಕೋರ್ಟಿಗೆ ಹೋದ ಮೇಲೆ 2007ರ ಏಪ್ರಿಲ್‌ನಲ್ಲಿ ಇಲಾಖೆ ರಾಜಿಗೆ ಬಂತು, ನಕ್ಷತ್ರ ಪಟ್ಟಿಗೆ ಸೇರಿತು.