ಕೀಲಿ ಕೊಟ್ಟವರೇ ‘ಬೀಗ ಮುರಿದರು’ ಎಂದಾಗ

ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ನೋಡಿದಿರಿ ಎಂದರೆ ಅದು ನಿಮ್ಮ ಫೋನಿಗೆ ಇಳಿದು ಬಂದಿದೆ ಎಂದೇ ಅರ್ಥ. ಬೇರೆ ದಾರಿಯೇ ಇಲ್ಲ. ಕೆಲವು ಸೆಕೆಂಡುಗಳ ತುಣುಕುಗಳಾಗಿ ಚಿತ್ರ ಬೇರೆ, ಧ್ವನಿ ಬೇರೆ ಬರುತ್ತವೆ. ಬ್ರೌಸರ್ ಅವನ್ನು ಹೊಂದಿಸಿ ತೋರಿಸುತ್ತದೆ, ಆಮೇಲೆ ಬಿಸಾಡುತ್ತದೆ. ಬಿಸಾಡದೆ ಫೈಲ್ ಮಾಡಿ ಇಟ್ಟುಕೊಂಡರೆ ಅದನ್ನು ಡೌನ್‌ಲೋಡ್ ಎನ್ನುತ್ತೇವೆ. ತಂತ್ರಜ್ಞಾನದ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ. ಕಾನೂನಿನ ಲೆಕ್ಕದಲ್ಲಿ ಮಾತ್ರ ಇದು ದೊಡ್ಡ ಜಗಳ.

ಆ ಜಗಳ ಎಲ್ಲರ ಕಿವಿಗೂ ಬಿದ್ದದ್ದು 2020ರ ಅಕ್ಟೋಬರ್ 23ರಂದು. ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘವಾದ ಆರ್‌ಐಎಎ, ಸಾಫ್ಟ್‌ವೇರ್ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಒಂದು ನೋಟಿಸ್ ಕಳಿಸಿತು. ಯೂಟ್ಯೂಬ್-ಡಿಎಲ್ ಎಂಬ ಸಾಫ್ಟ್‌ವೇರನ್ನು ತೆಗೆದುಹಾಕಿ ಎಂದಿತು. 2006ರಿಂದ ಇರುವ, ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶ ಇದು. ನೋಡಲು ಚಂದದ ಬಟನ್‌ಗಳೇನೂ ಇಲ್ಲ. ಕಮಾಂಡ್ ಟೈಪ್ ಮಾಡಿ ಲಿಂಕ್ ಕೊಟ್ಟರೆ ವಿಡಿಯೊ ಫೈಲ್ ಆಗಿ ಸಿಗುತ್ತದೆ. ಹೆಸರಿನಲ್ಲಿ ಯೂಟ್ಯೂಬ್ ಇದ್ದರೂ ನೂರಾರು ಬೇರೆ ತಾಣಗಳಿಗೂ ಕೆಲಸ ಮಾಡುತ್ತದೆ. ಗಿಟ್‌ಹಬ್ ಅದನ್ನೂ ಅದರ ಹಲವು ಪ್ರತಿಗಳನ್ನೂ ಕೂಡಲೇ ಮುಚ್ಚಿತು.

ಹಾಡು ಕದಿಯುವವರ ಸಾಮಾನು ತಾನೇ, ಹೋದರೆ ಹೋಗಲಿ ಎನ್ನುವಂತಿಲ್ಲ. ಪತ್ರಕರ್ತರು ಇದನ್ನು ಬಳಸುತ್ತಾರೆ. ಯುದ್ಧದ ಸಾಕ್ಷ್ಯ ಕೂಡಿಡುವವರಿಗೂ ಇಂಥ ಉಪಕರಣ ಬೇಕು. 2017ರಲ್ಲಿ ಯೂಟ್ಯೂಬ್ ಉಗ್ರವಾದದ ವಿಡಿಯೊಗಳನ್ನು ಹುಡುಕಿ ಅಳಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಿದಾಗ, ಸಿರಿಯಾದ ಜನ ಪ್ರಾಣದ ಹಂಗು ತೊರೆದು ತೆಗೆದ ವಿಡಿಯೊಗಳೂ ರಾಶಿ ರಾಶಿಯಾಗಿ ಮಾಯವಾದವು. ಮೊದಲೇ ಇಳಿಸಿ ಇಟ್ಟುಕೊಂಡವರ ಬಳಿ ಮಾತ್ರ ಸಾಕ್ಷ್ಯ ಉಳಿಯುತ್ತದೆ, ಅಲ್ವಾ?

ಇನ್ನು ನೋಟಿಸ್‌ನ ವಿಷಯ. ಅಮೆರಿಕದಲ್ಲಿ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾನೂನಿದೆ. ‘ನಿಮ್ಮ ತಾಣದಲ್ಲಿ ನನ್ನ ಹಾಡಿನ ನಕಲು ಇದೆ’ ಎಂದು ಹಕ್ಕುದಾರರು ಬರೆದರೆ ತಾಣದವರು ಬೇಗ ತೆಗೆಯಬೇಕು. ತೆಗೆದರೆ ಅವರ ಮೇಲೆ ಕೇಸ್ ಬೀಳುವುದಿಲ್ಲ. ಹಾಕಿದವರು ತಕರಾರು ಸಲ್ಲಿಸಬಹುದು. ಆಮೇಲೆ 10ರಿಂದ 14 ಕೆಲಸದ ದಿನಗಳೊಳಗೆ ಹಕ್ಕುದಾರರು ಕೋರ್ಟಿಗೆ ಹೋಗದಿದ್ದರೆ, ತೆಗೆದದ್ದು ವಾಪಸ್ ಬರುತ್ತದೆ. ಎರಡೂ ಕಡೆಯವರಿಗೆ ಒಂದಿಷ್ಟು ನ್ಯಾಯ ಸಿಗುವ ಏರ್ಪಾಡು.

ಆದರೆ ಯೂಟ್ಯೂಬ್-ಡಿಎಲ್‌ನಲ್ಲಿ ಯಾವ ಹಾಡಿನ ನಕಲೂ ಇರಲಿಲ್ಲ. ಇದ್ದದ್ದು ಕೋಡ್. ಅದು ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸಲು ಟೇಲರ್ ಸ್ವಿಫ್ಟ್, ಜಸ್ಟಿನ್ ಟಿಂಬರ್‌ಲೇಕ್ ಅವರ ವಿಡಿಯೊಗಳಿಗೆ ಲಿಂಕ್‌ಗಳಿದ್ದವು, ಅಷ್ಟೆ. ಹಾಗಾಗಿ ನೋಟಿಸ್ ಅದೇ ಕಾನೂನಿನ 1201ನೇ ಸೆಕ್ಷನ್ ಹಿಡಿಯಿತು. ಡಿಜಿಟಲ್ ಬೀಗ ಮುರಿಯುವ ಉಪಕರಣಗಳನ್ನು ಹಂಚಬಾರದು ಎನ್ನುವ ಸೆಕ್ಷನ್ ಇದು. ತಕರಾರು ಸಲ್ಲಿಸಿ ವಾಪಸ್ ಪಡೆಯುವ ದಾರಿಯನ್ನು ಕಾನೂನು ಇದಕ್ಕೆ ಇಟ್ಟೇ ಇಲ್ಲ. ಈ ಪ್ರಕರಣದಲ್ಲಿ ನನಗೆ ತುಂಬ ಅನ್ಯಾಯ ಎನಿಸಿದ್ದು ಇದೇ. ನಕಲಿಗಾಗಿ ಮಾಡಿದ ನೋಟಿಸ್ ಪದ್ಧತಿಯನ್ನು ಉಪಕರಣದ ಮೇಲೆ ಪ್ರಯೋಗಿಸಿದರು. ಆದರೆ ಆ ಪದ್ಧತಿಯಲ್ಲಿದ್ದ ರಕ್ಷಣೆ ಕೋಡ್ ಬರೆದವರಿಗೆ ಸಿಗಲಿಲ್ಲ.

ಹಾಗಾದರೆ ಆ ಬೀಗ ಎಂಥದ್ದು? ಕೆಲವು ವಿಡಿಯೊಗಳಿಗೆ, ಮುಖ್ಯವಾಗಿ ಹಾಡುಗಳಿಗೆ, ಯೂಟ್ಯೂಬ್ ಒಂದು ಸಹಿ ಕೇಳುತ್ತದೆ. ಸಹಿ ಎಂದರೆ ಅಕ್ಷರ, ಅಂಕಿಗಳ ಉದ್ದನೆಯ ಸಾಲು. ಪುಟದ ಜೊತೆ ಅದು ಕಲಸಿಹೋದ ರೂಪದಲ್ಲಿ ಬರುತ್ತದೆ. ಸರಿಪಡಿಸಲು ಮಾಡಬೇಕಾದದ್ದು ಮೂರು ಬಗೆಯ ಕೆಲಸ: ಸಾಲನ್ನು ತಿರುಗಾಮುರುಗಾ ಮಾಡು, ಎರಡು ಅಕ್ಷರಗಳ ಜಾಗ ಅದಲುಬದಲು ಮಾಡು, ಮೊದಲ ಕೆಲವು ಅಕ್ಷರ ಕತ್ತರಿಸು. ಯಾವುದನ್ನು ಯಾವಾಗ ಎಷ್ಟು ಸಲ ಮಾಡಬೇಕು ಎನ್ನುವುದು ಆಗಾಗ ಬದಲಾಗುತ್ತದೆ. ನೋಟಿಸ್ ಇದನ್ನೇ ‘ರೋಲಿಂಗ್ ಸೈಫರ್’ ಎಂದು ಕರೆಯಿತು.

ಕೇಳಲು ಬಿಗಿಯಾದ ವ್ಯವಸ್ಥೆ. ಆದರೆ ಆ ಕೆಲಸಗಳ ಪೂರ್ತಿ ವಿವರ ಯೂಟ್ಯೂಬ್ ಪ್ಲೇಯರ್‌ನ ಜಾವಾಸ್ಕ್ರಿಪ್ಟ್‌ನಲ್ಲೇ, ಅಂದರೆ ಬ್ರೌಸರ್ ಓಡಿಸುವ ಕೋಡ್‌ನಲ್ಲೇ, ಇರುತ್ತದೆ. ಆ ಜಾವಾಸ್ಕ್ರಿಪ್ಟನ್ನು ಯೂಟ್ಯೂಬ್ ಪುಟ ತೆರೆದ ಪ್ರತಿಯೊಬ್ಬರಿಗೂ ಕಳಿಸುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಗುಟ್ಟಿನ ಸಂಖ್ಯೆಯೂ ಇಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಮೊಳೆಗೇ ನೇತುಹಾಕಿದ ಹಾಗೆ. ಕ್ರೋಮ್, ಫೈರ್‌ಫಾಕ್ಸ್ ಆ ಕೋಡನ್ನು ಓಡಿಸಿ ಸಹಿ ಸಿದ್ಧಮಾಡುತ್ತವೆ. ಯೂಟ್ಯೂಬ್-ಡಿಎಲ್ ಕೂಡ ಅದನ್ನೇ ಮಾಡುತ್ತದೆ. ಅದಕ್ಕೆಂದೇ ಪುಟ್ಟದೊಂದು ಜಾವಾಸ್ಕ್ರಿಪ್ಟ್ ಓದುಗವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದಾರೆ. ಅಚ್ಚುಕಟ್ಟಾದ ಕೆಲಸ ಅದು, ಓದಲು ಖುಷಿಯಾಗುತ್ತದೆ. ಬಾಡಿಗೆ ಸಿನಿಮಾಗಳಿಗೆ ಹಾಕುವ ವೈಡ್‌ವೈನ್‌ನಂಥ ನಿಜವಾದ ಗೂಢಲಿಪಿಯನ್ನು ಈ ಸಾಫ್ಟ್‌ವೇರ್ ಬಿಡಿಸುವುದಿಲ್ಲ.

ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ವಕೀಲರು ಇದನ್ನೆಲ್ಲ ಗಿಟ್‌ಹಬ್‌ಗೆ ಪತ್ರದಲ್ಲಿ ಬಿಡಿಸಿ ಬರೆದರು. ನವೆಂಬರ್ 16ರಂದು ಯೂಟ್ಯೂಬ್-ಡಿಎಲ್ ವಾಪಸ್ ಬಂತು. ಆ ಹಾಡುಗಳ ಲಿಂಕ್‌ಗಳನ್ನು ಪರೀಕ್ಷೆಯಿಂದ ತೆಗೆದಿದ್ದರು. ಇನ್ನು ಮುಂದೆ 1201ರ ದೂರುಗಳನ್ನು ತಂತ್ರಜ್ಞರೂ ವಕೀಲರೂ ನೋಡಿದ ಮೇಲೆಯೇ ತೀರ್ಮಾನ ಎಂದು ಗಿಟ್‌ಹಬ್ ಘೋಷಿಸಿತು. ಡೆವಲಪರ್‌ಗಳ ಕಾನೂನು ನೆರವಿಗೆ 10 ಲಕ್ಷ ಡಾಲರ್ ತೆಗೆದಿಟ್ಟಿತು.

ಜರ್ಮನಿಯಲ್ಲಿ ಕಥೆ ಬೇರೆ. ಅಲ್ಲಿ ಸೋನಿ, ವಾರ್ನರ್, ಯೂನಿವರ್ಸಲ್ ಕಂಪನಿಗಳು ಊಬರ್‌ಸ್ಪೇಸ್ ಎಂಬ ಹೋಸ್ಟಿಂಗ್ ಸಂಸ್ಥೆಯ ಮೇಲೆ ಕೇಸ್ ಹಾಕಿದವು. ಅದರ ಸರ್ವರ್‌ನಲ್ಲಿದ್ದದ್ದು ಯೂಟ್ಯೂಬ್-ಡಿಎಲ್‌ನ ಪರಿಚಯ ಪುಟ. ಕೋಡ್ ಇದ್ದದ್ದು ಗಿಟ್‌ಹಬ್‌ನಲ್ಲಿ. ಆದರೂ 2023ರಲ್ಲಿ ಹ್ಯಾಂಬರ್ಗ್ ಕೋರ್ಟ್ ಕಂಪನಿಗಳ ಪರ ತೀರ್ಪು ಕೊಟ್ಟಿತು. ಸಾಮಾನ್ಯ ಬಳಕೆದಾರನಿಗೆ ಸುಲಭವಾಗಿ ದಾಟಲಾಗದಿದ್ದರೆ ಅದೂ ಬೀಗವೇ ಎನ್ನುವುದು ಅಲ್ಲಿನ ವಾದ. ಒಂದೇ ಕೋಡ್, ಎರಡು ದೇಶ, ಎರಡು ಉತ್ತರ.

ಹಾಡು ಕಟ್ಟಿದವರಿಗೆ ದುಡ್ಡು ಸಿಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಹಾಗಾಗಿಯೇ ನಮ್ಮ ದೇಶದ ಕಾನೂನಿನ ಒಂದು ಮಾತು ನನಗೆ ಹಿಡಿಸುತ್ತದೆ. 2012ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 65ಎ ಸೆಕ್ಷನ್ ಸೇರಿತು. ಬೀಗ ಮುರಿದವರಿಗೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿದ್ದರೆ ಮಾತ್ರ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ತಪ್ಪಿಲ್ಲ. ಹಾಗೆ ಮುರಿಯಲು ಇನ್ನೊಬ್ಬರಿಗೆ ನೆರವಾದವರು ಮಾತ್ರ ಆ ಇನ್ನೊಬ್ಬರ ಹೆಸರು, ವಿಳಾಸ, ಕಾರಣ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶಕ್ಕೆ ಈ ಷರತ್ತು ಪಾಲಿಸುವುದು ಸಾಧ್ಯವೇ ಇಲ್ಲ. ಆ ಒಂದು ಸಾಲನ್ನು ತಿದ್ದಬೇಕು.