ಸೆರೆಯಲ್ಲಿರುವವರಿಗಾಗಿ ಪ್ರಾರ್ಥನೆ: ಎರಿಟ್ರಿಯವನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಪ್ರಾರ್ಥನಾ ಕೂಟದ ಕೊನೆಗೆ ಯಾರಾದರೊಬ್ಬರು "ಲೋಕದಲ್ಲೆಲ್ಲ ಹಿಂಸೆಗೊಳಗಾದ ನಿನ್ನ ಮಕ್ಕಳನ್ನು ಕಾಪಾಡು ಕರ್ತನೇ" ಎಂದು ಸೇರಿಸುತ್ತಾರೆ. ಎಲ್ಲರೂ ಆಮೆನ್ ಅನ್ನುತ್ತಾರೆ, ಚಹಾ ಬರುತ್ತದೆ. ಆ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಯಾರಿಗಾಗಿ ಬೇಡಿದೆವು, ಏನು ಬೇಡಿದೆವು, ಅದು ಸಿಕ್ಕಿತೋ ಇಲ್ಲವೋ ಎಂದು ಮುಂದಿನ ವಾರ ಯಾರೂ ಕೇಳುವುದಿಲ್ಲ, ಕೇಳಲು ಬರುವಂತೆಯೂ ಇಲ್ಲ. ಸತ್ಯವೇದದ ಸೆರೆಯಾಳುಗಳು ಹೀಗೆ ಮೊಗಮ್ಮಾಗಿ ಕೇಳಿಕೊಂಡವರಲ್ಲ. ಅವರು ಕೇಳಿದ್ದನ್ನೇ ಮಾದರಿಯಾಗಿ ಇಟ್ಟುಕೊಂಡು ಇಂದಿನ ಒಂದು ದೇಶಕ್ಕಾಗಿ, ಆಫ್ರಿಕದ ಎರಿಟ್ರಿಯಕ್ಕಾಗಿ, ಹೇಗೆ ಪ್ರಾರ್ಥಿಸಬಹುದು ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲು ಇಬ್ರಿಯರಿಗೆ 13:3

ಸೆರೆಯಲ್ಲಿರುವವರನ್ನು, ನೀವೂ ಅವರ ಜೊತೆಸೆರೆಯವರೋ ಎಂಬಂತೆ, ನೆನಪು ಮಾಡಿಕೊಳ್ಳಿ ಎನ್ನುವುದು ಈ ವಚನದ ತಾತ್ಪರ್ಯ. ಗ್ರೀಕ್ ಮೂಲದ 'ಮಿಮ್ನೇಸ್ಕೆಸ್ಥೆ' ಒಂದು ಸಲ ಮಾಡಿ ಮುಗಿಸುವ ಕೆಲಸವನ್ನು ಹೇಳುವ ಕ್ರಿಯಾಪದವಲ್ಲ. ನೆನೆಯುತ್ತಲೇ ಇರಿ ಎಂದರ್ಥ. ಜೊತೆಗೇ ಬರುವ ಕಾರಣವನ್ನು ನಾವು ಹೆಚ್ಚಾಗಿ ಓದಿ ಮುಂದೆ ಹೋಗುತ್ತೇವೆ: ನೀವೂ ದೇಹದಲ್ಲಿರುವವರು. ಅಂದರೆ ಹಸಿವು, ಚಳಿ, ಬೆನ್ನುನೋವು, ನಿದ್ದೆಗೇಡು ಏನೆಂದು ನಿಮಗೂ ಗೊತ್ತು. ಪ್ರಾರ್ಥನೆ ಅಲ್ಲಿಂದ ಶುರುವಾಗಲಿ ಎಂಬ ಸೂಚನೆ ಇದು. ಈ ಪತ್ರವನ್ನು ಮೊದಲು ಓದಿದವರಿಗೆ ಇದು ಹೊಸ ಮಾತೂ ಆಗಿರಲಿಲ್ಲ. 10:34ರ ಪ್ರಕಾರ ಅವರು ಸೆರೆಯವರ ನೋವಿನಲ್ಲಿ ಪಾಲುಗಾರರಾಗಿ, ತಮ್ಮ ಸೊತ್ತು ಸುಲಿಗೆಯಾದಾಗಲೂ ಸಹಿಸಿಕೊಂಡವರು.

ಸೆರೆಯಾಳುಗಳು ಕೇಳಿದ್ದೇನು?

ಪೌಲನ ಸೆರೆಮನೆಯ ಪತ್ರಗಳನ್ನು ಒಂದು ಪೆನ್ಸಿಲ್ ಹಿಡಿದು ಓದಿ. ಎಫೆಸದವರಿಗೆ 6:19-20ರಲ್ಲಿ ಅವನು ಕೇಳುವುದು ಮಾತು ಮತ್ತು ಧೈರ್ಯ. ಧೈರ್ಯದ ಪ್ರಸ್ತಾಪ ಎರಡು ಸಲ ಬರುತ್ತದೆ. ಬಿಡುಗಡೆಯ ಸುದ್ದಿಯೇ ಅಲ್ಲಿಲ್ಲ. ಕೊಲೊಸ್ಸೆಯವರಿಗೆ 4:3-4ರಲ್ಲಿ ಬಾಗಿಲು ತೆರೆಯಲಿ ಅನ್ನುತ್ತಾನೆ. ಸೆರೆಮನೆಯ ಬಾಗಿಲಲ್ಲ, ವಾಕ್ಯಕ್ಕೆ ಬಾಗಿಲು. ಅದೇ ಅಧ್ಯಾಯದ ಕೊನೆಯಲ್ಲಿ ತನ್ನ ಕೈಯಿಂದಲೇ ಬರೆದು, ನನ್ನ ಬೇಡಿಗಳನ್ನು ನೆನಪಿಡಿ ಎಂದು ಮುಗಿಸುತ್ತಾನೆ.

ಹಾಗೆಂದು ಬಿಡುಗಡೆ ಬೇಡುವುದು ಕೀಳು ಪ್ರಾರ್ಥನೆ ಎಂದು ಯಾರೂ ಕಲಿಸಬಾರದು. ಫಿಲೆಮೋನನಿಗೆ ಬರೆದ ಪತ್ರದ 22ನೇ ವಚನದಲ್ಲಿ ಇದೇ ಪೌಲ, ನಿಮ್ಮ ಪ್ರಾರ್ಥನೆಗಳಿಂದ ನಾನು ಬರುವೆನೆಂಬ ನಿರೀಕ್ಷೆಯಿದೆ, ಇಳಿದುಕೊಳ್ಳಲು ಒಂದು ಕೋಣೆ ಸಿದ್ಧಮಾಡು ಅನ್ನುತ್ತಾನೆ. ಧೈರ್ಯವನ್ನೂ ಬೇಡಿ, ಕೋಣೆಯನ್ನೂ ಗುಡಿಸಿಡಿ.

2 ತಿಮೊಥೆಯನಿಗೆ 4ನೇ ಅಧ್ಯಾಯ ಇನ್ನೂ ನೆಲದ ಮೇಲಿದೆ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿ ಬೇಕು, ಪುಸ್ತಕಗಳು ಬೇಕು, ಚಳಿಗಾಲಕ್ಕೆ ಮೊದಲೇ ಬಾ. ರೋಮನ್ ಸೆರೆಯಲ್ಲಿ ಇದ್ದವರು ಊಟಬಟ್ಟೆಗೆ ಬಹುಮಟ್ಟಿಗೆ ಹೊರಗಿನ ಬಂಧುಬಳಗವನ್ನೇ ನೆಚ್ಚಿಕೊಂಡಿದ್ದರು. ಯಾರೂ ಬರದಿದ್ದರೆ ಅರೆಹೊಟ್ಟೆ. ಒನೇಸಿಫೊರನು ರೋಮಿನಲ್ಲಿ ಹುಡುಕಿ ಹುಡುಕಿ ಪೌಲನನ್ನು ಕಂಡದ್ದಕ್ಕೆ (2 ತಿಮೊಥೆಯ 1:16-18) ಅಷ್ಟು ಬೆಲೆ ಬಂದದ್ದು ಇದರಿಂದ. ಸೆರೆಯಾಳಿನ ಪರಿಚಯ ತನಗಿದೆ ಎಂದು ತೋರಿಸಿಕೊಳ್ಳುವುದೇ ಆಗ ಅಪಾಯ. ಅವನು ನಾಚಿಕೊಳ್ಳಲಿಲ್ಲ ಎಂದು ಪೌಲ ಬರೆಯುವುದು ಅದಕ್ಕೇ.

ಹಳೆಯ ಒಡಂಬಡಿಕೆಯಿಂದ ಒಂದು: ಯೆರೆಮೀಯ 38. ಪ್ರವಾದಿಯನ್ನು ಕೆಸರು ತುಂಬಿದ ಬಾವಿಗೆ ಇಳಿಸಿದ್ದಾರೆ. ಅರಮನೆಯ ಸೇವಕ ಎಬೆದ್ಮೆಲೆಕನು ಅರಸನ ಅಪ್ಪಣೆ ಪಡೆದು ಹಗ್ಗ ಇಳಿಬಿಡುತ್ತಾನೆ. ಅದಕ್ಕೂ ಮೊದಲು ಹರಕುಬಟ್ಟೆ ಇಳಿಸಿ, ಹಗ್ಗ ಕೊಯ್ಯದಂತೆ ಕಂಕುಳಿಗೆ ಇಟ್ಟುಕೋ ಅನ್ನುತ್ತಾನೆ. ಅವನು ಕೂಷ್ ದೇಶದವನು, ಹೆಚ್ಚುಕಡಿಮೆ ಇಂದಿನ ಸುಡಾನಿನ ಕಡೆಯವನು. ಎರಿಟ್ರಿಯಕ್ಕೆ ಅದು ಪಕ್ಕದ ದೇಶ. ಕಾವಲುಗಾರರಿಗಾಗಿ ಪ್ರಾರ್ಥಿಸುವಾಗ ಇವನನ್ನು ನೆನೆಯಿರಿ. ವ್ಯವಸ್ಥೆಯ ಒಳಗೇ ಇದ್ದು ಹರಕುಬಟ್ಟೆಯ ಬಗ್ಗೆ ಯೋಚಿಸುವ ಒಬ್ಬನನ್ನು ಕೊಡು ಎಂದು ಬೇಡಬಹುದು.

ಅಪೊಸ್ತಲರ ಕೃತ್ಯಗಳು 12: ಎಚ್ಚರದಿಂದ ಓದಬೇಕಾದ ಪಾಠ

ಈ ವಿಷಯಕ್ಕೆ ಎಲ್ಲರೂ ಎತ್ತಿಕೊಳ್ಳುವ ಅಧ್ಯಾಯ ಇದು. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ಗುಂಪು, ಒಟ್ಟು 16 ಮಂದಿ, ಸೆರೆಯಲ್ಲಿದ್ದ ಒಬ್ಬ ಪೇತ್ರನ ಕಾವಲಿಗೆ. ರಾತ್ರಿಯ ನಾಲ್ಕು ಜಾವಕ್ಕೆ ಒಂದೊಂದು ಗುಂಪು: ಇಬ್ಬರು ಅವನ ಎರಡು ಪಕ್ಕದಲ್ಲಿ, ಇಬ್ಬರು ಬಾಗಿಲಲ್ಲಿ. ಎರಡು ಸರಪಳಿ. ಸಭೆ ಪ್ರಾರ್ಥಿಸುತ್ತಿತ್ತು ಎನ್ನುವಲ್ಲಿ ಬರುವ 'ಎಕ್ಟೆನೋಸ್' ಎಂಬ ಗ್ರೀಕ್ ಪದಕ್ಕೆ ಚಾಚಿದ, ಬಿಗಿಯಾಗಿ ಎಳೆದ ಎಂಬ ಮೂಲಾರ್ಥವಿದೆ. ಗೆತ್ಸೇಮನೆಯಲ್ಲಿ ಯೇಸುವಿನ ಪ್ರಾರ್ಥನೆಗೆ ಲೂಕನು ಬಳಸುವುದೂ ಇದೇ ಮೂಲದ ಪದವನ್ನು.

ನಾವು ಬಿಟ್ಟುಬಿಡುವ ಎರಡು ಸಂಗತಿಗಳಿವೆ. ಒಂದು, ಅದೇ ಅಧ್ಯಾಯದ 2ನೇ ವಚನದಲ್ಲಿ ಯಾಕೋಬನು ಕತ್ತಿಗೆ ಬಲಿಯಾಗಿದ್ದಾನೆ. ಅವನಿಗಾಗಿ ಸಭೆ ಕಡಿಮೆ ಪ್ರಾರ್ಥಿಸಿತೆಂದು ಲೂಕನು ಹೇಳುವುದಿಲ್ಲ. ಆದ್ದರಿಂದ ಸೆರೆಯಲ್ಲಿ ಸತ್ತವರ ಮನೆಯವರ ಮುಂದೆ ಪೇತ್ರನ ಸಾಕ್ಷಿ ಹೇಳಿ 'ನಂಬಿಕೆ ಸಾಲದಾಯಿತು' ಎಂಬ ಅರ್ಥ ಬರಿಸುವುದು ವಾಕ್ಯಕ್ಕೂ ಅನ್ಯಾಯ, ಮನುಷ್ಯರಿಗೂ ಅನ್ಯಾಯ. ಎರಡು, ಬಿಡುಗಡೆಯಾದ ಪೇತ್ರನು ಬಾಗಿಲು ತಟ್ಟುತ್ತಿದ್ದಾನೆಂದು ಮನೆಕೆಲಸದ ಹುಡುಗಿ ರೋದೆ ಓಡಿಬಂದು ಹೇಳಿದರೆ ಒಳಗೆ ಪ್ರಾರ್ಥಿಸುತ್ತಿದ್ದವರು ನಿನಗೆ ಹುಚ್ಚು ಎಂದರು. ಅಷ್ಟೇ ನಂಬಿಕೆಯಿದ್ದವರ ಪ್ರಾರ್ಥನೆಯೂ ಕೇಳಲ್ಪಟ್ಟಿತು. ನಮ್ಮಂಥವರಿಗೆ ಇದು ಸಮಾಧಾನದ ಸುದ್ದಿ.

ಎರಿಟ್ರಿಯದ ಸ್ಥಿತಿ

ಕೆಂಪು ಸಮುದ್ರದ ದಂಡೆಯ ಈ ದೇಶದಲ್ಲಿ ಸರ್ಕಾರ 2002ರ ಮೇ ತಿಂಗಳಲ್ಲಿ ನಾಲ್ಕು ಗುಂಪುಗಳನ್ನು ಬಿಟ್ಟು ಉಳಿದೆಲ್ಲ ಧಾರ್ಮಿಕ ಸಭೆಗಳನ್ನು ಮುಚ್ಚಿಸಿತು. ಉಳಿದ ನಾಲ್ಕು: ಆರ್ಥೊಡಾಕ್ಸ್ ತೆವಾಹ್ದೊ ಸಭೆ, ಕ್ಯಾಥೊಲಿಕ್ ಸಭೆ, ಲೂಥರನ್ ಮೂಲದ ಇವ್ಯಾಂಜೆಲಿಕಲ್ ಚರ್ಚ್, ಸುನ್ನಿ ಇಸ್ಲಾಂ. ಪೆಂತೆಕೊಸ್ತ್ ಮತ್ತು ಇತರ ಸ್ವತಂತ್ರ ಸಭೆಗಳವರು ಮನೆಯಲ್ಲಿ ಸೇರಿದರೂ ಬಂಧನ. ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನ 1997ರಲ್ಲೇ ಅಂಗೀಕಾರವಾಗಿತ್ತು, ಜಾರಿಗೆ ಬರಲಿಲ್ಲ. ಇಲ್ಲಿನ ಸೆರೆಗೆ ಆರೋಪಪಟ್ಟಿ ಇಲ್ಲ, ಕೋರ್ಟಿಲ್ಲ, ಶಿಕ್ಷೆಯ ಅವಧಿಯೂ ಇಲ್ಲ. ಪ್ರಾರ್ಥನೆಗೆ ಇದು ಮುಖ್ಯ: 'ನ್ಯಾಯಾಧೀಶರ ಮನಸ್ಸು ತಿರುಗಿಸು' ಎಂದು ಇಲ್ಲಿಗಾಗಿ ಬೇಡುವುದರಲ್ಲಿ ಅರ್ಥವಿಲ್ಲ, ನ್ಯಾಯಾಧೀಶರ ಮುಂದೆ ಕರೆತರುವುದೇ ಇಲ್ಲ. ಮೊದಲು ಬೇಡಬೇಕಾದದ್ದು ವಿಚಾರಣೆ ಎಂಬುದೊಂದು ಆಗಲಿ ಎಂದು.

ಫುಲ್ ಗಾಸ್ಪೆಲ್ ಸಭೆಯ ನಾಯಕರಾದ ಹೈಲೆ ನೈಝ್ಗಿ ಮತ್ತು ಗಣಿತ ವಿದ್ವಾಂಸರೂ ಆದ ಕಿಫ್ಲು ಗೆಬ್ರೆಮೆಸ್ಕೆಲ್ ಬಂಧನಕ್ಕೊಳಗಾದದ್ದು 2004ರ ಮೇ 23ರಂದು. 2024ರಲ್ಲಿ ಅದಕ್ಕೆ 20 ವರ್ಷ ತುಂಬಿದಾಗಲೂ ಅವರ ವಿಚಾರಣೆ ನಡೆದಿರಲಿಲ್ಲ. ಅದೇ ತಿಂಗಳು ಬಂಧನವಾದ ಗಾಯಕಿ ಹೆಲೆನ್ ಬೆರ್ಹಾನೆಯನ್ನು ರಾಜಧಾನಿ ಅಸ್ಮಾರದ ಹತ್ತಿರದ ಮಾಯ್ ಸೆರ್ವಾದಲ್ಲಿ ಹಡಗಿನ ಸರಕು ಸಾಗಿಸುವ ಕಬ್ಬಿಣದ ಕಂಟೇನರಿನಲ್ಲಿ ಕೂಡಿಹಾಕಿದ್ದರು. 20 ಅಡಿಯ ಕಂಟೇನರ್ ಅಂದರೆ ಒಳಗೆ ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ, ಕಿಟಕಿ ಇಲ್ಲ. ಆ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಮೇಲಿದೆ. ಕಬ್ಬಿಣ ಹಗಲು ಕಾಯುತ್ತದೆ, ರಾತ್ರಿ ಕೊರೆಯುತ್ತದೆ. ಕರಾವಳಿಯ ಕಡೆಯ ವೀಅ ಶಿಬಿರದಲ್ಲಾದರೆ ತೊಂದರೆ ಚಳಿಯದ್ದಲ್ಲ, ಸೆಖೆಯದ್ದು. ಸೆರೆಯಾಳು ಎಲ್ಲಿದ್ದಾನೆಂದು ಗೊತ್ತಿದ್ದರೆ ಪ್ರಾರ್ಥನೆಯ ಮಾತೂ ಬದಲಾಗುತ್ತದೆ.

ಬಿಡುಗಡೆಗೆ ಆಗಾಗ ಇಡುವ ಷರತ್ತು ಒಂದು ಕಾಗದಕ್ಕೆ ಸಹಿ: ಇನ್ನು ಮೇಲೆ ಕೂಟಕ್ಕೆ ಹೋಗುವುದಿಲ್ಲ, ಈ ನಂಬಿಕೆ ಬಿಟ್ಟಿದ್ದೇನೆ ಎಂದು. ಎಫೆಸ 6ರ 'ಧೈರ್ಯ' ಇಲ್ಲಿ ಬಹಳ ನೇರವಾದ ಅರ್ಥ ಪಡೆಯುತ್ತದೆ. ಸಹಿ ಹಾಕಿ ಬಂದವರಿಗಾಗಿಯೂ ಪ್ರಾರ್ಥಿಸಿ. ಪೇತ್ರನು ಅಂಗಳದಲ್ಲಿ ಮೂರು ಸಲ ಅಲ್ಲಗಳೆದವನೇ.

ಮಾನ್ಯತೆ ಇದ್ದ ಸಭೆಗೂ ರಕ್ಷಣೆ ಇರಲಿಲ್ಲ. ಆರ್ಥೊಡಾಕ್ಸ್ ಸಭೆಯ ಪಿತೃಪ್ರಧಾನ ಅಬುನೆ ಆಂಟೋನಿಯೋಸ್ ಸರ್ಕಾರದ ಕೈವಾಡವನ್ನು ವಿರೋಧಿಸಿದ್ದಕ್ಕೆ 2006ರಲ್ಲಿ ಪದವಿ ಕಳೆದುಕೊಂಡು ವರ್ಷಗಟ್ಟಲೆ ಗೃಹಬಂಧನದಲ್ಲಿದ್ದು, 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ಇನ್ನು ಯೆಹೋವನ ಸಾಕ್ಷಿಗಳು: ಸೈನ್ಯಸೇವೆ ಒಲ್ಲೆ ಎಂದ ಮೂವರು 1994ರ ಸೆಪ್ಟೆಂಬರಿನಿಂದ 2020ರ ಡಿಸೆಂಬರಿನವರೆಗೆ ಒಳಗಿದ್ದರು, 26 ವರ್ಷ. ಅವರ ಬೋಧನೆಯನ್ನು ನಮ್ಮ ಸಭೆಗಳು ಒಪ್ಪುವುದಿಲ್ಲವಲ್ಲ, ಅವರಿಗಾಗಿ ಏಕೆ ಎಂಬ ಪ್ರಶ್ನೆ ಕೂಟಗಳಲ್ಲಿ ಬಂದೇ ಬರುತ್ತದೆ. ಮನಸ್ಸಾಕ್ಷಿಗಾಗಿ ಸೆರೆಯಾದವನಿಗೆ ಪ್ರಾರ್ಥಿಸಲು ಅವನ ವಿಶ್ವಾಸಪ್ರಮಾಣವನ್ನು ಪರೀಕ್ಷಿಸಬೇಕಿಲ್ಲ ಎಂಬುದು ಈ ಟಿಪ್ಪಣಿಯ ನಿಲುವು. ಒಳ್ಳೆಯ ಸಮಾರ್ಯದವನೂ ಗಾಯಗೊಂಡವನ ಬೋಧನೆ ವಿಚಾರಿಸಲಿಲ್ಲ.

ಕೂಟದಲ್ಲಿ ಮಾಡುವ ಕ್ರಮ

ಒಂದು ಕೂಟಕ್ಕೆ ಒಂದೇ ದೇಶ, ಒಬ್ಬ ಅಥವಾ ಇಬ್ಬರು ಸೆರೆಯಾಳುಗಳು, ಕನಿಷ್ಠ ಆರು ತಿಂಗಳು. ಹತ್ತು ದೇಶ ಸುತ್ತಿಬಂದರೆ ಅದು ಭೂಗೋಳದ ಪಾಠ. ಅಂಚೆಕಾರ್ಡಿನ ಗಾತ್ರದ ರಟ್ಟಿನ ಮುಂಬದಿಯಲ್ಲಿ ಐದು ಸಾಲು: ಹೆಸರು, ಬಂಧನದ ದಿನ, ಗೊತ್ತಿದ್ದರೆ ಜಾಗ, ಮನೆಯವರು, ಕೊನೆಯ ಖಚಿತ ಸುದ್ದಿ ಮತ್ತು ಅದರ ತಾರೀಕು. ಈ ಐದನೆಯ ಸಾಲನ್ನೇ ಜನ ಮರೆಯುತ್ತಾರೆ. ಬಿಡುಗಡೆಯಾಗಿ ಎರಡು ವರ್ಷ ಕಳೆದವರಿಗೆ 'ಸೆರೆಯ ಬಾಗಿಲು ಮುರಿ' ಎಂದು ಇನ್ನೂ ಬೇಡುತ್ತಿರುವ ಗುಂಪುಗಳು ಹುಟ್ಟುವುದು ಹೀಗೆ.

20 ನಿಮಿಷ ಸಾಕು. ಮೊದಲ 3 ನಿಮಿಷ ವಾಕ್ಯ. ಕೀರ್ತನೆ 142 ಚಿಕ್ಕದು, ಸೆರೆಯಿಂದ ನನ್ನ ಪ್ರಾಣವನ್ನು ಬಿಡಿಸು ಎಂದು ಮುಗಿಯುತ್ತದೆ. ಮುಂದಿನ 2 ನಿಮಿಷ ಕಾರ್ಡು ಓದಿ. ನಂತರ 12 ನಿಮಿಷ, ಒಬ್ಬೊಬ್ಬರು ಒಂದೇ ವಿಷಯ ಹಿಡಿದು: ದೇಹ, ಧೈರ್ಯ, ಜೊತೆಗಿರುವ ಕೈದಿಗಳು, ಕಾವಲುಗಾರರು, ಮನೆಯ ಹೆಂಡತಿ ಅಥವಾ ಗಂಡ, ಮಕ್ಕಳ ಶಾಲೆ, ಅಧಿಕಾರದಲ್ಲಿರುವವರು. ಒಬ್ಬರೇ ಏಳನ್ನೂ ಮುಟ್ಟಿದರೆ ಉಳಿದವರಿಗೆ ಆಮೆನ್ ಬಿಟ್ಟು ಏನೂ ಉಳಿಯದು. ಕೊನೆಯ 3 ನಿಮಿಷ ಮೌನ. ಮೌನವನ್ನು ತುಂಬಲು ಕೀಬೋರ್ಡ್ ನುಡಿಸಬೇಡಿ.

ಅಸ್ಮಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮ ರಾತ್ರಿ ಎಂಟೂವರೆ ಅಲ್ಲಿಯ ಸಂಜೆ ಆರು. ಕುವೈತ್, ಕತಾರ್, ಸೌದಿಯಲ್ಲಿರುವ ಕನ್ನಡಿಗರ ಗಡಿಯಾರವೂ ಅಸ್ಮಾರದ ಗಡಿಯಾರವೂ ಒಂದೇ. ಮಂಗಳೂರಿನಿಂದ ಅಲ್ಲಿಗೆ ಹೋದ ಮನೆಯವರ ಜೊತೆ ಫೋನಿನಲ್ಲಿ ಸೇರಿ ಪ್ರಾರ್ಥಿಸುವವರಿಗೆ ಲೆಕ್ಕ ಸುಲಭ.

ಎಲ್ಲಿ ಕೆಡುತ್ತದೆ

ವಾಟ್ಸಾಪ್ ಮೊದಲ ಅಪರಾಧಿ. ಆಫ್ಘಾನಿಸ್ತಾನದಲ್ಲಿ 22 ಮಿಷನರಿಗಳಿಗೆ ನಾಳೆ ಮರಣದಂಡನೆ, ತುರ್ತಾಗಿ ಪ್ರಾರ್ಥಿಸಿ, ಎಲ್ಲರಿಗೂ ಕಳಿಸಿ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಅದು ಸುಳ್ಳು. ಅದರ ಹಿಂದೆ ನಿಜ ಘಟನೆಯೊಂದರ ನೆರಳಿದೆ: 2007ರ ಜುಲೈನಲ್ಲಿ ತಾಲಿಬಾನ್ 23 ಕೊರಿಯನ್ನರನ್ನು ಅಪಹರಿಸಿ ಇಬ್ಬರನ್ನು ಕೊಂದಿತು, ಉಳಿದ 21 ಮಂದಿ ಆಗಸ್ಟ್ ಮುಗಿಯುವುದರೊಳಗೆ ಬಿಡುಗಡೆಯಾದರು. 'ನಾಳೆ' ಎಂದಿದ್ದು ತಾರೀಕು ಇಲ್ಲದಿದ್ದರೆ, ಊರು ಮತ್ತು ಸಭೆಯ ಹೆಸರಿಲ್ಲದಿದ್ದರೆ, ಹತ್ತು ಜನಕ್ಕೆ ಕಳಿಸಿ ಎಂಬ ಬಾಲವಿದ್ದರೆ ಮುಂದೆ ಕಳಿಸಬೇಡಿ. ಸುಳ್ಳು ಸುದ್ದಿಗೆ ಉಪವಾಸ ಮಾಡಿದ ಸಭೆ ಮುಂದಿನ ನಿಜವಾದ ಸುದ್ದಿಯನ್ನೂ ನಂಬುವುದಿಲ್ಲ.

ಇದರ ತಿರುಗುಮುರುಗು ತಪ್ಪು, ನಿಜವಾದ ಸುದ್ದಿಯನ್ನು ಬಯಲಿಗಿಡುವುದು. ಮೇಲೆ ಬರೆದ ಹೆಸರುಗಳು ಬಹಳ ಹಿಂದೆಯೇ ಜಗಜ್ಜಾಹೀರಾದವು. ಹೊಸದಾಗಿ ಬಂಧನವಾದವರ ಹೆಸರು, ಫೋಟೊ, ಮನೆಸಭೆಯ ಊರು ಖಾಸಗಿಯಾಗಿ ನಿಮಗೆ ಬಂದಿದ್ದರೆ ಅದು ಕೂಟದ ಬಾಯಿಂದಾಚೆ ಹೋಗಬಾರದು. ಆರಾಧನೆ ನೇರಪ್ರಸಾರವಾಗುತ್ತಿದ್ದರೆ ವಿಜ್ಞಾಪನೆಯ ಹೊತ್ತಿಗೆ ಮೈಕ್ ಮುಚ್ಚಿ, ಅಥವಾ 'ನಮ್ಮ ಸಹೋದರ' ಅಂದರೆ ಸಾಕು. ದೇವರಿಗೆ ವಿಳಾಸ ಹೇಳಬೇಕಾಗಿಲ್ಲ.

ಮೂರನೆಯದು ಸಿಟ್ಟು. ಶತ್ರುಗಳ ಮೇಲೆ ಬೆಂಕಿ ಕರೆಯುವ ಪ್ರಾರ್ಥನೆಗೆ ಕೂಟದಲ್ಲಿ ಜೋರಾಗಿ ಆಮೆನ್ ಸಿಗುತ್ತದೆ, ನಿಮಿಷದೊಳಗೆ ಅದು ಒಂದು ಜಾತಿಯ ಅಥವಾ ಧರ್ಮದ ಮೇಲಿನ ಬೈಗುಳವಾಗುತ್ತದೆ. ಎರಿಟ್ರಿಯದಲ್ಲಿ ಮುಸಲ್ಮಾನರೂ ಇದೇ ಸರ್ಕಾರದ ಸೆರೆಯಲ್ಲಿದ್ದಾರೆ. ಸೆರೆಯಲ್ಲಿ ಪೌಲಸೀಲರು ಪ್ರಾರ್ಥಿಸಿ ಹಾಡುತ್ತಿದ್ದಾಗ ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರಲ್ಲ, ಅಂಥವರು ಇಲ್ಲಿಯೂ ಇದ್ದಾರೆ.

ಪತ್ರ ಬರೆಯುವ ಬಗ್ಗೆ ಸಂಕ್ಷೇಪವಾಗಿ: ಎರಿಟ್ರಿಯದ ಸೆರೆಗೆ ಪತ್ರ ಕಳಿಸುವ ದಾರಿಯಿಲ್ಲವೆಂದೇ ತಿಳಿಯಿರಿ. ಕೈದಿಗಳಿಗೆ ಪತ್ರ ತಲುಪುವ ದೇಶಗಳಿಗೆ ಬರೆಯುವಾಗ ನಾಲ್ಕೈದು ಸಾಲು, ಒಂದು ವಚನ, ಸಾದಾ ಭಾಷೆ. ಸರ್ಕಾರವನ್ನು ಟೀಕಿಸಬೇಡಿ, ಕೈದಿಯ ಹೆಸರನ್ನು ನಿಮಗೆ ಕೊಟ್ಟ ಸಂಸ್ಥೆ ಯಾವುದೆಂದು ಹೇಳಬೇಡಿ, ಹಣ ಇಡಬೇಡಿ, ಉತ್ತರ ಕೇಳಬೇಡಿ. ಪತ್ರವನ್ನು ಮೊದಲು ಓದುವವನು ಜೈಲಿನ ಅಧಿಕಾರಿ.

ಬಿಡುಗಡೆಯಾದ ಮೇಲೆ

ಹೆಲೆನ್ ಬೆರ್ಹಾನೆ 2006ರಲ್ಲಿ ಹೊರಬಂದಾಗ ಹೊಡೆತಗಳಿಂದ ಕಾಲು ಜಖಂ ಆಗಿತ್ತು. 2007ರಲ್ಲಿ ಮಗಳೊಂದಿಗೆ ಡೆನ್ಮಾರ್ಕಿನಲ್ಲಿ ಆಶ್ರಯ ಸಿಕ್ಕಿತು. ಬಿಡುಗಡೆಯ ದಿನ ಸ್ತೋತ್ರ ಹೇಳಿ ಕಾರ್ಡು ಹರಿದುಹಾಕುವ ಗುಂಪುಗಳಿಗೆ ಈ ನಂತರದ ವರ್ಷಗಳು ಕಾಣುವುದಿಲ್ಲ: ಚಿಕಿತ್ಸೆ, ನಿದ್ದೆ ಬಾರದ ರಾತ್ರಿಗಳು, ಪರದೇಶದ ಭಾಷೆ, ತಾಯಿಯಿಲ್ಲದೆ ಬೆಳೆದ ಮಗುವಿನೊಂದಿಗೆ ಮತ್ತೆ ಪರಿಚಯ. ಕಾರ್ಡನ್ನು ತಿರುವಿ ಹಿಂಬದಿಯಲ್ಲಿ ಇವನ್ನು ಬರೆದು ಇನ್ನೊಂದು ವರ್ಷ ಇಟ್ಟುಕೊಳ್ಳಿ. ಸೆರೆಯಲ್ಲೇ ತೀರಿಕೊಂಡವರ ಕಾರ್ಡಿನ ಹಿಂಬದಿಗೆ ಮನೆಯವರ ಹೆಸರು ಬರೆಯಿರಿ.