ಮಾಡೆಲರ್‌ಗೆ ಟ್ಯೂಬ್ ಪವರ್ ಆಂಪ್ ಬೇಕಾ, ಸಾಲಿಡ್ ಸ್ಟೇಟ್ ಸಾಕಾ?

ಓದುಗರ ಪ್ರಶ್ನೆ: ನನ್ನ ಹತ್ತಿರ ಲೈನ್ 6 ಹೀಲಿಕ್ಸ್ ಮಾಡೆಲರ್ (ಗಿಟಾರ್ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಪೆಟ್ಟಿಗೆ) ಇದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತೇನೆ, ಟೋನ್ ಚೆನ್ನಾಗಿದೆ. ಈಗ ನಮ್ಮ ಬ್ಯಾಂಡಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಫೋರ್-ಟ್ವೆಲ್ವ್ ಕ್ಯಾಬ್ (12 ಇಂಚಿನ ನಾಲ್ಕು ಸ್ಪೀಕರ್ ಇರುವ ಪೆಟ್ಟಿಗೆ) ಸಿಕ್ಕಿದೆ, 16 ಓಮ್. ಅದಕ್ಕೊಂದು ಪವರ್ ಆಂಪ್ ಬೇಕು. ಟ್ಯೂಬ್‌ದೇ (ಗಾಜಿನ ವಾಲ್ವ್ ಇರುವುದೇ) ತಗೋ, ಇಲ್ಲಾಂದ್ರೆ ಫೀಲ್ ಬರಲ್ಲ ಅಂತ ಒಬ್ಬರು ಹೇಳುತ್ತಾರೆ. ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರ್‌ದು) ಸಾಕು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ನೀವು ಕೊಟ್ಟ ವಿವರ ನೋಡಿದರೆ ಸಾಲಿಡ್ ಸ್ಟೇಟ್ ತಗೊಳ್ಳಿ. ಆದರೆ ವ್ಯಾಟ್ ಲೆಕ್ಕ ಹಾಕಿ ತಗೊಳ್ಳಿ, ಯಾಕೆಂದರೆ ನಿಮ್ಮ ಕ್ಯಾಬ್ 16 ಓಮ್. ಬಹಳ ಜನ ಎಡವುವುದು ಅಲ್ಲೇ. ಟ್ಯೂಬ್ ತಗೋ ಅಂದವರ ಮಾತಿನಲ್ಲೂ ಸತ್ಯ ಇದೆ. ಆ ಸತ್ಯ ಎಲ್ಲಿದೆ ಅಂತ ಗೊತ್ತಾದರೆ ನೀವೇ ತೀರ್ಮಾನ ಮಾಡಬಹುದು.

ಮೊದಲು ಹೀಲಿಕ್ಸ್ ಒಳಗೆ ಏನಾಗುತ್ತದೆ ನೋಡೋಣ. ಟ್ಯೂಬ್ ಆಂಪ್‌ನಲ್ಲಿ ಎರಡು ಭಾಗ ಇರುತ್ತವೆ. ಪ್ರೀಆಂಪ್ ಟೋನ್ ಕೂಡಿಸುತ್ತದೆ, ಪವರ್ ಆಂಪ್ ಅದನ್ನು ಸ್ಪೀಕರ್ ಅಲುಗಾಡಿಸುವಷ್ಟು ದೊಡ್ಡದು ಮಾಡುತ್ತದೆ. ದೊಡ್ಡದು ಮಾಡುವಾಗ ತನ್ನ ಬಣ್ಣವನ್ನೂ ಬಳಿಯುತ್ತದೆ. ಹೀಲಿಕ್ಸ್‌ನ ಆಂಪ್ ಬ್ಲಾಕ್ (ಆಂಪ್ ಅನುಕರಿಸುವ ಭಾಗ) ಈ ಎರಡನ್ನೂ ಲೆಕ್ಕ ಹಾಕುತ್ತದೆ. ಅಲ್ಲಿ ಸ್ಯಾಗ್, ಬಯಾಸ್, ಬಯಾಸ್ ಎಕ್ಸ್ ಅಂತ ನಾಬ್‌ಗಳಿವೆ ಅಲ್ವಾ? ಅವೆಲ್ಲ ಪವರ್ ಆಂಪ್‌ನ ಗುಣಗಳು. ಅಂದರೆ ಪೆಟ್ಟಿಗೆಯಿಂದ ಹೊರಗೆ ಬರುವ ಸಿಗ್ನಲ್ ಆಗಲೇ ಒಂದು ಪವರ್ ಆಂಪ್ ದಾಟಿ ಬಂದಿರುತ್ತದೆ. ಅದನ್ನು ಮತ್ತೊಂದು ಟ್ಯೂಬ್ ಪವರ್ ಆಂಪ್‌ಗೆ ಕೊಟ್ಟರೆ, ಅಮ್ಮ ಉಪ್ಪು ಹಾಕಿದ ಸಾರಿಗೆ ಗೊತ್ತಿಲ್ಲದೆ ಅತ್ತೆಯೂ ಉಪ್ಪು ಹಾಕಿದ ಹಾಗೆ. ಇಬ್ಬರ ಕೈ ಅಳತೆಯೂ ಸರಿಯಾಗಿಯೇ ಇರುತ್ತದೆ, ಸಾರು ಮಾತ್ರ ಕೆಡುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಕೇಳುತ್ತೇನೆ: ಉಪ್ಪು ಹಾಕುವವರು ಯಾರು? ಮಾಡೆಲರ್ ಹಾಕುವುದಾದರೆ ಪವರ್ ಆಂಪ್ ಸುಮ್ಮನಿರಬೇಕು. ಸುಮ್ಮನಿರುವುದರಲ್ಲಿ ಸಾಲಿಡ್ ಸ್ಟೇಟ್‌ಗೆ ಸಾಟಿ ಇಲ್ಲ. ಇಂಥದೇ ಪೆಟ್ಟಿಗೆ ತಯಾರಿಸುವ ಕೆಂಪರ್ ಕಂಪನಿ ತನ್ನ ಪವರ್‌ಹೆಡ್ ಒಳಗೆ ಕೂರಿಸಿದ್ದು 600 ವ್ಯಾಟ್‌ನ ಕ್ಲಾಸ್ ಡಿ ಆಂಪ್, ಟ್ಯೂಬ್ ಇಲ್ಲ. (ಡಿ ಅಂದರೆ ಡಿಜಿಟಲ್ ಅಂತ ಬಹಳ ಜನ ತಿಳಿದಿದ್ದಾರೆ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ ಅಷ್ಟೇ.)

ಹಾಗಾದರೆ "ಫೀಲ್" ಅನ್ನುವ ಮಾತು ಎಲ್ಲಿಂದ ಬಂತು? ಇದಕ್ಕೆ ಸ್ವಲ್ಪ ಹತ್ತಿರ ಹೋಗಿ ನೋಡಬೇಕು.

ನಿಮ್ಮ ಕ್ಯಾಬ್‌ಗೆ ಒಂದು ಸ್ಪೀಕರ್ ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 16 ಓಮ್ ಅಂತ ಬರೆದಿದ್ದರೂ ಮೀಟರ್ ಅದಕ್ಕಿಂತ ಕಡಿಮೆಯೇ ತೋರಿಸುತ್ತದೆ, 12 ಅಥವಾ 13. ಅದು ತಂತಿಯ ರೆಸಿಸ್ಟೆನ್ಸ್ ಮಾತ್ರ. ನುಡಿಸಲು ಶುರು ಮಾಡಿದ ಮೇಲೆ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ಸ್ಪೀಕರ್ ತಾನಾಗಿ ಕುಣಿಯಲು ಇಷ್ಟಪಡುವ ಒಂದು ಜಾಗ ಇರುತ್ತದೆ. ಮುಚ್ಚಿದ ಫೋರ್-ಟ್ವೆಲ್ವ್‌ನಲ್ಲಿ ಅದು 100 ಹರ್ಟ್ಜ್ ಆಸುಪಾಸು. ಅಲ್ಲಿ ಇಂಪೀಡೆನ್ಸ್ (ನುಡಿಸುವಾಗ ಸ್ಪೀಕರ್ ಒಡ್ಡುವ ಒಟ್ಟು ತಡೆ) ಗುಡ್ಡದ ಹಾಗೆ ಹಲವು ಪಟ್ಟು ಮೇಲೇರುತ್ತದೆ. ಆಮೇಲೆ ಕೆಳಗಿಳಿದು, ಟ್ರೆಬಲ್ ಕಡೆ ಹೋದ ಹಾಗೆ ನಿಧಾನವಾಗಿ ಮತ್ತೆ ಏರುತ್ತದೆ. ನಿಮ್ಮ ಗಿಟಾರ್‌ನ ದಪ್ಪ ಇ ತಂತಿ 82 ಹರ್ಟ್ಜ್, ಎ ತಂತಿ 110. ಅಂದರೆ ಎ ತಂತಿಯನ್ನು ಅಂಗೈ ಒತ್ತಿ ಹೊಡೆದಾಗ ನೀವು ಹೊಡೆಯುತ್ತಿರುವುದು ಸರಿಯಾಗಿ ಆ ಗುಡ್ಡದ ನೆತ್ತಿಗೆ.

ಈಗ ಎರಡು ಆಂಪ್ ಹೇಗೆ ವರ್ತಿಸುತ್ತವೆ ನೋಡಿ. ಸಾಮಾನ್ಯ ಸಾಲಿಡ್ ಸ್ಟೇಟ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಒಂದು ಓಮ್‌ಗಿಂತ ಎಷ್ಟೋ ಕಡಿಮೆ. ಸ್ಪೀಕರ್ ಏನೇ ಕುಣಿದರೂ ಅದು ವೋಲ್ಟೇಜ್ ಬದಲಿಸುವುದಿಲ್ಲ, ಬಿಗಿಯಾಗಿ ಹಿಡಿದಿರುತ್ತದೆ. ಟ್ಯೂಬ್ ಆಂಪ್‌ನಲ್ಲಿ ಅದು ಹಲವು ಓಮ್ ಇರುತ್ತದೆ. ಹಿಡಿತ ಸಡಿಲ. ಸ್ಪೀಕರ್‌ನ ಇಂಪೀಡೆನ್ಸ್ ಏರಿದ ಕಡೆ ವೋಲ್ಟೇಜ್ ಕೂಡ ಜೊತೆಗೆ ಏರುತ್ತದೆ. ಆದ್ದರಿಂದ ಕೆಳಗೆ ಒಂದು ಗುದ್ದು ಜಾಸ್ತಿ, ಮೇಲೆ ಒಂದಿಷ್ಟು ಗಾಳಿ ಜಾಸ್ತಿ. ಪ್ಯಾಂಟಿನ ಬಟ್ಟೆ ಅಲುಗಾಡುತ್ತದಲ್ಲ, ಆ ಗುದ್ದು. ಟ್ಯೂಬ್ ಆಂಪ್‌ನ ಪ್ರೆಸೆನ್ಸ್ ಮತ್ತು ಡೆಪ್ತ್ ನಾಬ್‌ಗಳು ಮಾಡುವ ಕೆಲಸವೂ ಇದೇ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ತಿದ್ದಲು ವಾಪಸ್ ಕೊಡುವುದು) ಕಡಿಮೆ ಮಾಡಿ, ಬೇಕಾದ ಕಡೆ ಹಿಡಿತ ಸಡಿಲಿಸುತ್ತವೆ. ಫೀಲ್ ಅನ್ನುವ ಮಾತಿನ ದೊಡ್ಡ ಪಾಲು ಇದು. ಭ್ರಮೆ ಅಂತ ತಳ್ಳಿಹಾಕುವವರು ತಪ್ಪು ಮಾಡುತ್ತಿದ್ದಾರೆ.

ಆದರೆ ಈ ಗುಡ್ಡವನ್ನೂ ಮಾಡೆಲರ್ ಲೆಕ್ಕ ಹಾಕಬಲ್ಲದು. ಫ್ರ್ಯಾಕ್ಟಲ್ ಕಂಪನಿಯ ಆಕ್ಸ್-ಎಫ್ಎಕ್ಸ್ ಮಾಡೆಲರ್‌ನಲ್ಲಿ ಸ್ಪೀಕರ್ ಇಂಪೀಡೆನ್ಸ್ ಕರ್ವ್ ಅಂತ ಬೇರೆ ಸೆಟ್ಟಿಂಗೇ ಇದೆ. ಬೇರೆಯವುಗಳಲ್ಲಿ ಇಕ್ಯೂನಲ್ಲಿ (ಬಾಸ್, ಟ್ರೆಬಲ್ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್‌ನಲ್ಲಿ) 100 ಹರ್ಟ್ಜ್ ಹತ್ತಿರ ಎರಡು ಮೂರು ಡೆಸಿಬೆಲ್ ಏರಿಸಿದರೂ ಬಹಳಷ್ಟು ಕೆಲಸ ಆಗುತ್ತದೆ. ಕೊರತೆ ಒಂದೇ: ಮಾಡೆಲರ್‌ಗೆ ಗೊತ್ತಿರುವುದು ಯಾವುದೋ ಒಂದು ಕ್ಯಾಬ್‌ನ ಗುಡ್ಡ. ನಿಮ್ಮ ಕ್ಯಾಬ್‌ನ ಗುಡ್ಡ 10, 20 ಹರ್ಟ್ಜ್ ಆಚೀಚೆ ಇರಬಹುದು. ಟ್ಯೂಬ್ ಆಂಪ್ ಮಾತ್ರ ನಿಮ್ಮ ಮುಂದಿರುವ ಕ್ಯಾಬ್‌ಗೇ ಸ್ಪಂದಿಸುತ್ತದೆ. ಇದು ಟ್ಯೂಬ್‌ನ ನಿಜವಾದ ಹೆಚ್ಚುಗಾರಿಕೆ, ನಾನು ಒಪ್ಪುತ್ತೇನೆ.

ಹಾಗಾಗಿ ಟ್ಯೂಬ್ ಯಾರಿಗೆ ಸರಿ ಅಂದರೆ, ಇಡೀ ಶೋ ಒಂದೇ ಜಾತಿಯ ಟೋನ್‌ನಲ್ಲಿ ನುಡಿಸುವವರಿಗೆ. ಹೀಲಿಕ್ಸ್‌ನಲ್ಲಿ ಆಂಪ್ ಬದಲು ಪ್ರೀಆಂಪ್ ಮಾಡೆಲ್ ಮಾತ್ರ ಆರಿಸಿಕೊಂಡು, ಉಳಿದ ಬಣ್ಣವೆಲ್ಲ ಪವರ್ ಆಂಪ್‌ನ ಇಎಲ್34 ಅಥವಾ 6ಎಲ್6 ಟ್ಯೂಬ್‌ಗಳಿಂದ ಬರಲಿ ಅನ್ನುವವರಿಗೆ. ಅವರಿಗೆ ಅದು ಸೊಗಸಾದ ಜೋಡಿ. ಒಂದು ಹಾಡಿಗೆ ವಾಕ್ಸ್ ಕ್ಲೀನ್, ಮುಂದಿನದಕ್ಕೆ ಮೆಸಾ, ಅದರ ಮುಂದಿನದಕ್ಕೆ ಫೆಂಡರ್ ಅಂತ ಆಂಪ್ ಮಾಡೆಲ್ ಬದಲಿಸುವವರಿಗೆ ಟ್ಯೂಬ್ ಪವರ್ ಆಂಪ್ ಎಲ್ಲದರ ಮೇಲೂ ತನ್ನದೇ ಬಣ್ಣ ಬಳಿಯುತ್ತದೆ. ಇನ್ನೊಂದು ಮಾತು, ಪವರ್ ಟ್ಯೂಬ್ ಡಿಸ್ಟಾರ್ಟ್ ಆಗುವ ಆ ಸಿಹಿಯಾದ ಸದ್ದು ಬರಬೇಕಾದರೆ ವಾಲ್ಯೂಮ್ ಚೆನ್ನಾಗಿ ಏರಿಸಬೇಕು. ಪಕ್ಕದ ಮನೆಯವರು ಒಪ್ಪುವ ಮಟ್ಟದಲ್ಲಿ ಆ ಟ್ಯೂಬ್‌ಗಳು ಹೆಚ್ಚುಕಡಿಮೆ ಕ್ಲೀನ್ ಆಗಿಯೇ ಕೆಲಸ ಮಾಡುತ್ತವೆ.

ಸಾಕುವ ಖರ್ಚನ್ನೂ ಹೇಳಬೇಕು. ನಮ್ಮ ಪ್ರಾಕ್ಟೀಸ್ ರೂಮಿನಲ್ಲಿ ಒಂದು ಸಂಜೆ ಟ್ಯೂಬ್ ಹೆಡ್‌ನ (ಸ್ಪೀಕರ್ ಇಲ್ಲದ ಆಂಪ್) ಸದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಹಿಂದೆ ಬಗ್ಗಿ ನೋಡಿದರೆ ನಾಲ್ಕು ಟ್ಯೂಬ್‌ಗಳಲ್ಲಿ ಒಂದರ ಒಳಗಿನ ಬೂದು ತಗಡು ಒಲೆಯ ಕೆಂಡದ ಹಾಗೆ ಕೆಂಪಗಾಗಿತ್ತು. ತಕ್ಷಣ ಆಫ್ ಮಾಡಿದ್ದರಿಂದ ಟ್ರಾನ್ಸ್‌ಫಾರ್ಮರ್ ಉಳಿಯಿತು. ಟ್ಯೂಬ್ ಬದಲಿಸಿ, ಬಯಾಸ್ ಮಾಡಿಸಿ (ಹೊಸ ಟ್ಯೂಬ್‌ನ ಕರೆಂಟ್ ಹೊಂದಿಸಿ), ವಾಪಸ್ ತರುವಷ್ಟರಲ್ಲಿ ಮೂರು ವಾರ ಹೋಯಿತು. ಒಂದು ಕಾಲದಲ್ಲಿ ಇದಕ್ಕೆ ದೂರ ಹೋಗಬೇಕಿರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲೇ ಬಿಇಎಲ್ 1960ರ ದಶಕದಲ್ಲಿ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು. ವಾಕ್ಸ್ ಎಸಿ30ರಲ್ಲಿ ನಾಲ್ಕು ಕೂರುವ ಅದೇ ಇಎಲ್84, ಬಿಇಎಲ್ ಮುದ್ರೆ ಹೊತ್ತು, ಹಳೇ ರೇಡಿಯೋಗಳಲ್ಲಿ ಇಂದಿಗೂ ಸಿಗುತ್ತದೆ. ಈಗ ಹೊಸ ಟ್ಯೂಬ್ ಬೇಕೆಂದರೆ ಸ್ಲೊವಾಕಿಯಾ, ರಷ್ಯಾ ಅಥವಾ ಚೀನಾದಿಂದ ಬರಬೇಕು.

ಕರೆಂಟಿನ ವಿಷಯ ಬೇರೆ. ಊರ ಹಬ್ಬದ ಶೋ, ಕಾಲೇಜ್ ಫೆಸ್ಟ್ ಎಲ್ಲ ಜನರೇಟರ್ ಮೇಲೆ ನಡೆಯುತ್ತವೆ. ವೋಲ್ಟೇಜ್ ಏರಿದರೆ ಟ್ಯೂಬ್ ಆಂಪ್ ಒಳಗಿನ ವೋಲ್ಟೇಜ್‌ಗಳೂ ಅದೇ ಪ್ರಮಾಣದಲ್ಲಿ ಏರುತ್ತವೆ, ಇಳಿದರೆ ಇಳಿಯುತ್ತವೆ. ಅಮೆರಿಕದಲ್ಲಿರುವ ಅಣ್ಣನ ಕೈಲಿ ತರಿಸುವ ಯೋಚನೆ ಇದ್ದರೆ, ಟ್ಯೂಬೇ ಇರಲಿ ಸಾಲಿಡ್ ಸ್ಟೇಟೇ ಇರಲಿ, ಹಿಂದಿನ ಪ್ಲೇಟ್‌ನ ಫೋಟೋ ಮೊದಲು ತರಿಸಿ. 120 ವೋಲ್ಟ್ ಮಾತ್ರ ಅಂತಿದ್ದರೆ ನಮ್ಮ 230ಕ್ಕೆ ನೇರ ಹಾಕುವ ಹಾಗಿಲ್ಲ.

ಈಗ ವ್ಯಾಟ್. ಇಲ್ಲಿ ನಿಧಾನವಾಗಿ ಓದಿ, ದುಡ್ಡು ಉಳಿಯುವುದು ಇಲ್ಲೇ.

ಟ್ಯೂಬ್ ಪವರ್ ಆಂಪ್‌ಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. 4, 8, 16 ಅಂತ ಬೇರೆ ಬೇರೆ ಜ್ಯಾಕ್ ಕೊಟ್ಟಿರುತ್ತಾರೆ. ಸರಿಯಾದ ಜ್ಯಾಕ್‌ಗೆ ಹಾಕಿದರೆ ಪೂರ್ತಿ ವ್ಯಾಟ್ ಸಿಗುತ್ತದೆ. ಸಾಲಿಡ್ ಸ್ಟೇಟ್ ಹಾಗಲ್ಲ. ಓಮ್ ಎರಡರಷ್ಟಾದರೆ ವ್ಯಾಟ್ ಸುಮಾರು ಅರ್ಧ ಆಗುತ್ತದೆ. ಉದಾಹರಣೆಗೆ ಸೀಮೋರ್ ಡಂಕನ್ ಪವರ್‌ಸ್ಟೇಜ್ 170 ಅನ್ನುವ ಚಿಕ್ಕ ಸಾಲಿಡ್ ಸ್ಟೇಟ್ ಪವರ್ ಆಂಪ್ ನೋಡಿ. ಹೆಸರಲ್ಲಿರುವ 170 ವ್ಯಾಟ್ 4 ಓಮ್‌ಗೆ. 8 ಓಮ್‌ಗೆ ಸುಮಾರು 85 ಬಂತು. ನಿಮ್ಮ 16ಕ್ಕೆ 40ರ ಆಸುಪಾಸು. 170 ಅಂತ ನಂಬಿ ತಂದು 40ರಲ್ಲಿ ನುಡಿಸಿ, "ಸಾಲಿಡ್ ಸ್ಟೇಟ್‌ನಲ್ಲಿ ಜೀವ ಇಲ್ಲ" ಅಂತ ಮಾರಿಬಿಟ್ಟವರನ್ನು ನಾನು ನೋಡಿದ್ದೇನೆ. ಆಂಪ್‌ನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

40 ಯಾಕೆ ಸಾಲದು? ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರ್ ಒಂದು ವ್ಯಾಟ್‌ಗೇ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಕೊಡುತ್ತದೆ. ಸರಾಸರಿ ಸದ್ದಿಗೆ ಕೆಲವೇ ವ್ಯಾಟ್ ಸಾಕು. ಆದರೆ ಕ್ಲೀನ್ ಟೋನ್‌ನಲ್ಲಿ ಪಿಕ್ ತಂತಿಗೆ ತಗಲುವ ಆ ಕ್ಷಣ ಸರಾಸರಿಗಿಂತ 10 ಡೆಸಿಬೆಲ್ ಮೇಲೆ ಹಾರಬಹುದು. 10 ಡೆಸಿಬೆಲ್ ಅಂದರೆ ಹತ್ತು ಪಟ್ಟು ವ್ಯಾಟ್. 8 ವ್ಯಾಟ್‌ನಲ್ಲಿ ನುಡಿಸುತ್ತಿದ್ದರೆ ಆ ಕ್ಷಣಕ್ಕೆ 80 ಬೇಕು. ಟ್ಯೂಬ್ ಆಂಪ್‌ಗೆ ಅಷ್ಟು ಕೊಡಲು ಆಗದಿದ್ದರೆ ಅದು ತುದಿಯನ್ನು ಮೆಲ್ಲಗೆ ದುಂಡಗೆ ಮಾಡುತ್ತದೆ, ಕಿವಿಗೆ ಹಿತವಾಗಿಯೇ ಇರುತ್ತದೆ. ಸಾಲಿಡ್ ಸ್ಟೇಟ್ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸುತ್ತದೆ, ಕರಕರ ಅನ್ನುತ್ತದೆ. ಜೊತೆಗೆ 50 ವ್ಯಾಟ್‌ನ ಟ್ಯೂಬ್ ಆಂಪ್ ಪೂರ್ತಿ ಏರಿಸಿದಾಗ 50ಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತದೆ. 50 ಅನ್ನುವುದು ಕ್ಲೀನ್ ಆಗಿರುವಾಗಿನ ಅಳತೆ. ಅದಕ್ಕೇ "ಟ್ಯೂಬ್ ವ್ಯಾಟ್ ದೊಡ್ಡದು" ಅನ್ನುವ ಮಾತು ಹುಟ್ಟಿದ್ದು. ಡ್ರಮ್ಸ್ ಜೊತೆ ನುಡಿಸಲು ನಾನು ನಿಮ್ಮ ಕ್ಯಾಬ್‌ನ ಓಮ್‌ಗೆ ಕನಿಷ್ಠ 100 ವ್ಯಾಟ್ ಕೊಡುವ ಸಾಲಿಡ್ ಸ್ಟೇಟ್ ನೋಡಿ ಅನ್ನುತ್ತೇನೆ.

ಅದಕ್ಕೂ ಮೊದಲು ಕ್ಯಾಬ್ ಹಿಂದೆ ಹೋಗಿ ಜ್ಯಾಕ್ ಪ್ಲೇಟ್ ನೋಡಿ. ಎಷ್ಟೋ ಫೋರ್-ಟ್ವೆಲ್ವ್‌ಗಳಲ್ಲಿ 16 ಮತ್ತು 4 ಓಮ್ ಎರಡೂ ಇರುತ್ತವೆ. ಒಳಗೆ 16 ಓಮ್‌ನ ನಾಲ್ಕು ಸ್ಪೀಕರ್ ಇದ್ದು, ಎಲ್ಲವನ್ನೂ ಪ್ಯಾರಲಲ್ ಮಾಡಿದರೆ 4 ಓಮ್ ಆಗುತ್ತದೆ. ನಿಮ್ಮದರಲ್ಲಿ ಆ ಜ್ಯಾಕ್ ಇದ್ದು, ಪವರ್ ಆಂಪ್ 4 ಓಮ್ ತಡೆದುಕೊಳ್ಳುವುದಾದರೆ, ಅದೇ ಚಿಕ್ಕ ಪೆಟ್ಟಿಗೆಯಿಂದ ಪೂರ್ತಿ 170 ವ್ಯಾಟ್ ಸಿಗುತ್ತದೆ. ಸ್ಪೀಕರ್‌ಗಳು ಅಷ್ಟು ತಾಳುತ್ತವಾ ಅಂತ ಮಾತ್ರ ನೋಡಿಕೊಳ್ಳಿ. 25 ವ್ಯಾಟ್‌ನ ಗ್ರೀನ್‌ಬ್ಯಾಕ್ ಸ್ಪೀಕರ್ ನಾಲ್ಕಿದ್ದರೆ ಒಟ್ಟು 100 ಅಷ್ಟೇ. ವಾಲ್ಯೂಮ್ ಜಾಗರೂಕತೆಯಿಂದ ಏರಿಸಬೇಕು.

ತಂದ ಮೇಲೆ ಮೊದಲ ದಿನ ಮಾಡಬೇಕಾದ್ದು: ಹೀಲಿಕ್ಸ್‌ನ ಕ್ಯಾಬ್ ಬ್ಲಾಕ್ (ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಭಾಗ) ಆಫ್ ಮಾಡುವುದು. ನಾನು ಮೊದಲ ಸಲ ಮಾಡೆಲರ್ ಅನ್ನು ನಿಜವಾದ ಕ್ಯಾಬ್‌ಗೆ ಹಾಕಿದಾಗ ಇದನ್ನು ಮರೆತಿದ್ದೆ. ಗಿಟಾರ್ ಮೇಲೆ ದಪ್ಪ ಕಂಬಳಿ ಹೊದಿಸಿದ ಹಾಗಿತ್ತು. ಒಂದಿಡೀ ಪ್ರಾಕ್ಟೀಸ್ ಟ್ರೆಬಲ್ ಏರಿಸುತ್ತಲೇ ಕಳೆದೆ. ಸ್ಪೀಕರ್‌ನ ಸದ್ದು ಒಳಗೊಂದು ಸಲ, ಹೊರಗೊಂದು ಸಲ ಬರುತ್ತಿತ್ತು. ಅದೇ ಉಪ್ಪಿನ ಕಥೆ. ಸಾಲಿಡ್ ಸ್ಟೇಟ್ ಆದರೆ ಆಂಪ್ ಬ್ಲಾಕ್ ಪೂರ್ತಿ ಇರಲಿ, ಕ್ಯಾಬ್ ತೆಗೆಯಿರಿ. ಟ್ಯೂಬ್ ಆದರೆ ಪ್ರೀಆಂಪ್ ಮಾಡೆಲ್‌ಗೆ ಬದಲಿಸಿ, ಕ್ಯಾಬ್ ತೆಗೆಯಿರಿ. ಪಿಎಗೆ (ಜನರ ಕಡೆಗಿರುವ ಮುಖ್ಯ ಸ್ಪೀಕರ್‌ಗಳಿಗೆ) ಲೈನ್ ಕೊಡುವುದಿದ್ದರೆ ಹೀಲಿಕ್ಸ್‌ನಲ್ಲಿ ದಾರಿ ಎರಡು ಮಾಡಿ, ಕ್ಯಾಬ್ ಬ್ಲಾಕ್ ಅಲ್ಲಿಗೆ ಮಾತ್ರ ಹೋಗುವ ಹಾಗೆ ಇಡಿ.

ಪವರ್ ಆಂಪ್‌ನಿಂದ ಕ್ಯಾಬ್‌ಗೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಬೇಡ. ಎರಡಕ್ಕೂ ಒಂದೇ ಥರದ ಜ್ಯಾಕ್ ಇರುವುದರಿಂದ ಮೋಸ ಹೋಗುವುದು ಸುಲಭ. ಟ್ಯೂಬ್ ಆಂಪ್ ಅನ್ನು ಕ್ಯಾಬ್ ಇಲ್ಲದೆ ಯಾವತ್ತೂ ಆನ್ ಮಾಡಿ ನುಡಿಸಬೇಡಿ. ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಗಂಟೆ ಲೆಕ್ಕದಲ್ಲಿ ಸಿಗುವ ಯಾವುದಾದರೂ ಜಾಮ್ ಪ್ಯಾಡ್‌ಗೆ (ಬಾಡಿಗೆ ಪ್ರಾಕ್ಟೀಸ್ ರೂಮಿಗೆ) ಹೀಲಿಕ್ಸ್ ಹಾಗೂ ಸಾಧ್ಯವಾದರೆ ನಿಮ್ಮ ಕ್ಯಾಬ್ ತಗೊಂಡು ಹೋಗಿ. ಅಲ್ಲಿರುವ ಟ್ಯೂಬ್ ಹೆಡ್‌ನ ಹಿಂದೆ ಎಫೆಕ್ಟ್ಸ್ ರಿಟರ್ನ್ ಅಂತ ಜ್ಯಾಕ್ ಇರುತ್ತದೆ. ಅದಕ್ಕೆ ಹೀಲಿಕ್ಸ್ ಹಾಕಿದರೆ ಪ್ರೀಆಂಪ್ ದಾಟಿ ನೇರ ಪವರ್ ಆಂಪ್‌ಗೆ ಹೋಗುತ್ತದೆ. ಆಮೇಲೆ ಯಾವುದಾದರೂ ಸಾಲಿಡ್ ಸ್ಟೇಟ್ ಹೆಡ್‌ನ ರಿಟರ್ನ್‌ಗೂ ಹಾಕಿ ನೋಡಿ. ಕ್ಯಾಬ್ ಒಂದೇ ಇರಲಿ. ಫೋನಿನಲ್ಲಿ ಡೆಸಿಬೆಲ್ ಮೀಟರ್ ಹಾಕಿಕೊಂಡು ಎರಡರ ಸದ್ದನ್ನೂ ಸಮ ಮಾಡಿ. ಎರಡು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಎ ತಂತಿಯ ಆ ಗುದ್ದನ್ನು ಕೇಳಿ, ಆಮೇಲೆ ಕ್ಲೀನ್ ಕಾರ್ಡ್ ಒಂದನ್ನು ಗಟ್ಟಿಯಾಗಿ ಹೊಡೆಯಿರಿ. ಡ್ರಮ್ಮರ್ ಅನ್ನೂ ಕರೆದುಕೊಂಡು ಹೋಗಿ. ನೀವೊಬ್ಬರೇ ನುಡಿಸುವಾಗ ದೊಡ್ಡದಾಗಿ ಕೇಳಿಸಿದ ವ್ಯತ್ಯಾಸ, ಅವರು ಸಿಂಬಲ್ ಹೊಡೆಯಲು ಶುರು ಮಾಡಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ಗಮನಿಸಿ.